ಹತ್ತನೆಯವಳು

ಎದೆಯ ಮೇಲಿನ ನಂಬರ್ ಚೀಟಿಗೆ ಸೊಸೆ ಮೂರನೆಯ ಪಿನ್ನು ಚುಚ್ಚುತ್ತಿದ್ದಾಗ ಚಿಕ್ಕಮ್ಮ ಬಂದು ಬಾಗಿಲಿಗೆ ಅಡ್ಡ ನಿಂತರು.

"ಹೆಣ ಮನೇಲಿದೆ," ಎಂದರು. "ಮನೆ ಸೊಸೆ ಓಟಕ್ಕೆ ಹೊರಟಿದ್ದಾಳೆ. ಜನ ಏನಂತಾರೆ ಅಂತ ಒಂಚೂರಾದ್ರೂ ಯೋಚನೆ ಮಾಡಿದ್ಯಾ?"

ನಾಲ್ಕನೆಯ ಪಿನ್ನು ಸೊಸೆಯ ಹಲ್ಲಿನ ನಡುವೆ ಇತ್ತು. ಅದನ್ನು ತೆಗೆದು ಚೀಟಿಯ ಕೊನೆಯ ಮೂಲೆಗೆ ಚುಚ್ಚಿದ ಮೇಲೇ ಅವಳು ಬಾಯಿ ಬಿಟ್ಟಳು. "ಯೋಚನೆ ಮಾಡೋಕೆ ಹೊತ್ತಿಲ್ಲ ಚಿಕ್ಕಮ್ಮ. ಆರೂವರೆಯೊಳಗೆ ಹೋಗಿ ಹೆಸರು ಬದಲಾಯಿಸಬೇಕು."

ಬೆಳಗ್ಗೆ ಐದೂಮುಕ್ಕಾಲು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ, ನಲವತ್ತು ವರ್ಷ ಊರಿನ ಬಟ್ಟೆಗಳೆಲ್ಲ ಸುಕ್ಕು ಬಿಡಿಸಿಕೊಂಡು ಹೋಗಿದ್ದ ಉದ್ದನೆಯ ಮೇಜಿನ ಮೇಲೆ, ಶವದ ಪೆಟ್ಟಿಗೆ ಇತ್ತು. ಅದರೊಳಗೆ ಮಲಗಿದ್ದವಳು ಸೊಸೆಗೆ ಅತ್ತೆ, ಚಿಕ್ಕಮ್ಮನಿಗೆ ಒಡಹುಟ್ಟಿದ ಅಕ್ಕ, ಊರಿಗೆಲ್ಲ ಇಸ್ತ್ರಿ ಅಕ್ಕ. ಅರವತ್ಮೂರು ವರ್ಷ. ನಿನ್ನೆ ಬೆಳಗ್ಗೆ ಓಟ ನಡೆಸುವ ಕ್ಲಬ್ಬಿಗೆ ಹೋಗಿ ಹತ್ತು ನಂಬರ್ ಚೀಟಿ ತಂದಿದ್ದಳು. ಒಂಬತ್ತನ್ನು ಮನೆ ಮನೆಗೆ ಹೋಗಿ ಹಂಚಿ, ಹತ್ತನೆಯದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಕೆಲಸಕ್ಕೆ ನಿಂತಿದ್ದಳು. ಮಧ್ಯಾಹ್ನ ಒಂದು ಷರಟಿನ ಮೇಲೆ ಬಗ್ಗಿದವಳು ಮತ್ತೆ ಏಳಲಿಲ್ಲ.

ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಓಟ ಗಂಡಸರಿಗೆ ಹದಿನಾರು ಕಿಲೋಮೀಟರ್, ಹೆಂಗಸರಿಗೆ ಮೂರು. ಹೆಂಗಸರಿಗೂ ಹದಿನಾರೇ ಇರಲಿ ಎಂದು ಇಸ್ತ್ರಿ ಅಕ್ಕ ಕೇಳುತ್ತ ಬಂದದ್ದಕ್ಕೆ ಈ ಸಲ ಕ್ಲಬ್ಬಿನವರು ಒಂದು ಷರತ್ತು ಹಾಕಿ ಒಪ್ಪಿದ್ದರು. ಹತ್ತು ಜನ ಹೆಂಗಸರು ಹೊರಡಬೇಕು; ಹತ್ತೂ ಜನ ಮೂರು ಗಂಟೆಯೊಳಗೆ ಮುಗಿಸಬೇಕು. ಒಬ್ಬಳು ಕಡಿಮೆಯಾದರೂ ಮುಂದಿನ ವರ್ಷದಿಂದ ಮತ್ತೆ ಮೂರೇ ಕಿಲೋಮೀಟರ್, ಇನ್ನು ಮೇಲೆ ಆ ಮಾತೆತ್ತುವಂತಿಲ್ಲ. ಎರಡು ತಿಂಗಳು ಅಲೆದರೂ ಇಸ್ತ್ರಿ ಅಕ್ಕನಿಗೆ ಒಂಬತ್ತೇ ಜನ ಸಿಕ್ಕಿದ್ದರು. ಹತ್ತನೆಯ ಹೆಸರು ಅವಳದೇ.

ಶವಕ್ಕೆ ಸ್ಮಶಾನದವರು ಕೊಟ್ಟ ಹೊತ್ತು ಒಂಬತ್ತು ಗಂಟೆ. ಅದು ತಪ್ಪಿದರೆ ನಾಳೆ. ಓಟಕ್ಕಾಗಿ ರಸ್ತೆ ಮುಚ್ಚಿದ್ದರಿಂದ ಗಾಡಿ ಬರುವಂತಿರಲಿಲ್ಲ. ಹೆಗಲ ಮೇಲೇ ಒಯ್ಯಬೇಕಿತ್ತು.

ಸೊಸೆಯ ಗಂಡ ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್. ರಾತ್ರಿಯೆಲ್ಲ ತಾಯಿಯ ತಲೆಯ ಹತ್ತಿರ ಕೂತಿದ್ದವನು ಎದ್ದು ಬಂದು, ಹೆಂಡತಿಯ ಎದೆಯ ಮೇಲಿನ ಚೀಟಿ ನೋಡಿದ. "ನೀನು ಬಸ್ಸು ತಪ್ಪಿದರೂ ಓಡಿದವಳಲ್ಲ," ಎಂದ.

"ನಡೀತೀನಲ್ಲ ರೀ. ದಿನಾ ಮಾಡೋದು ಅದನ್ನೇ ತಾನೆ."

ಅದು ನಿಜವೇ ಆಗಿತ್ತು. ಅವಳು ನೀರಿನ ಇಲಾಖೆಯಲ್ಲಿ ಮೀಟರ್ ಓದುವವಳು. ಮನೆಯಿಂದ ಮನೆಗೆ, ಗೇಟಿನಿಂದ ಗೇಟಿಗೆ, ದಿನಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್ ತುಳಿಯುವವಳು. ಆದರೆ ಅದಕ್ಕೆ ಇಡೀ ದಿನವಿರುತ್ತದೆ.

ಚಿಕ್ಕಮ್ಮ ಬಾಗಿಲು ಬಿಡಲಿಲ್ಲ. ಬದುಕಿದ್ದಷ್ಟು ದಿನ ಅಕ್ಕನಿಗಂತೂ ಈ ಓಟದ ಹುಚ್ಚು ಬಿಡಲಿಲ್ಲ, ಸತ್ತ ಮೇಲಾದರೂ ಅವಳನ್ನು ನೆಮ್ಮದಿಯಿಂದ ಕಳಿಸಿಕೊಡಿ ಎಂದು ಅತ್ತರು. ಅಂಗಳದಲ್ಲಿ ಕೂತಿದ್ದ ನೆರೆಯವರು ಚಹಾದ ಲೋಟ ಹಿಡಿದುಕೊಂಡು ನೆಲ ನೋಡಿದರು. ಆಗ ಪೆಟ್ಟಿಗೆಯ ಪಕ್ಕದ ಕುರ್ಚಿಯಿಂದ ಮಾವ ಮಾತಾಡಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಇಂಜಿನ್ ಸದ್ದಿನಲ್ಲಿ ಬದುಕಿದ್ದರಿಂದ ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

"ಹೊರೋದಕ್ಕೆ ನಾವಿದ್ದೀವಿ," ಎಂದರು. "ಆ ಕೆಲಸಕ್ಕೆ ಇವಳು ಬೇಕಾಗಿಲ್ಲ. ಓಡೋದಕ್ಕೆ ಇವಳನ್ನ ಬಿಟ್ಟರೆ ಯಾರೂ ಇಲ್ಲ. ದಾರಿ ಬಿಡಮ್ಮ."

ಚಿಕ್ಕಮ್ಮ ದಾರಿ ಬಿಟ್ಟರು. ಲೈನ್‌ಮ್ಯಾನ್ ತನ್ನ ಕೈಗಡಿಯಾರ ಬಿಚ್ಚಿ ಹೆಂಡತಿಯ ಕೈಗೆ ಕಟ್ಟಿದ. ಅವಳ ಮಣಿಕಟ್ಟಿಗೆ ಪಟ್ಟಿ ಸಡಿಲವಾಯಿತು. ಮೇಲಕ್ಕೆ, ಮೊಣಕೈಯ ಹತ್ತಿರಕ್ಕೆ ಏರಿಸಿ ಬಿಗಿದ.

*

ನಲವತ್ತು ವರ್ಷದ ಹಿಂದೆ, ಇಪ್ಪತ್ಮೂರರ ಆ ಹುಡುಗಿಗೆ ಇಸ್ತ್ರಿ ಅಕ್ಕ ಎಂಬ ಹೆಸರು ಬಿದ್ದದ್ದೂ ಈ ಓಟದಿಂದಲೇ. ಆಗ ಅವಳು ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಗೆಳತಿಯರು ಹೋಗೋಣ ಎಂದರೆಂದು ಹೆಂಗಸರ ಮೂರು ಕಿಲೋಮೀಟರಿಗೆ ಹೆಸರು ಕೊಟ್ಟಳು. ಎರಡನೆಯವಳು ಕಣ್ಣಿಗೆ ಬೀಳುವಷ್ಟರಲ್ಲಿ ಅವಳು ಗುರಿ ಮುಟ್ಟಿ, ನೀರು ಕುಡಿದು, ಮುಖ ಒರೆಸಿಕೊಂಡಿದ್ದಳು.

ಬಹುಮಾನದ ಹೊತ್ತಿಗೆ ಗಂಡಸರಲ್ಲಿ ಗೆದ್ದವನಿಗೆ ಹೊಸ ಮೋಟಾರ್ ಸೈಕಲ್ ಕೊಟ್ಟರು. ಅವನು ವೇದಿಕೆಯ ಮುಂದೆಯೇ ಅದನ್ನು ಹತ್ತಿ ಎರಡು ಸುತ್ತು ಹೊಡೆದ. ಅವಳಿಗೆ ಕೊಟ್ಟದ್ದು ಒಂದು ಇಸ್ತ್ರಿ ಪೆಟ್ಟಿಗೆ. ಮೈಕ್ ಹಿಡಿದವನು, "ಸ್ತ್ರೀಯರಿಗೆ ಇಸ್ತ್ರಿ," ಎಂದು ಎಳೆದು ಹೇಳಿದ. ಮೈದಾನ ನಕ್ಕಿತು. ಅವಳೂ ನಕ್ಕಳು. ಮನೆಗೆ ಬಂದು ಮಾತ್ರ ಆ ಪೆಟ್ಟಿಗೆಯನ್ನು ಮಂಚದ ಕೆಳಗೆ ನೂಕಿ, ಮೂರು ದಿನ ಅದರ ಕಡೆ ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಎಳೆದು ತೆಗೆದಳು. ಮುಂದಿನ ತಿಂಗಳು ಗಿರಣಿ ಬಿಟ್ಟು ಬೀದಿಯ ಮೂಲೆಯಲ್ಲಿ ಮೇಜು ಹಾಕಿದಳು. ಕೊಟ್ಟವರು ಇದನ್ನು ಹಾಸ್ಯಕ್ಕೆ ಕೊಟ್ಟರು, ನಾನು ಇದರಿಂದಲೇ ಅನ್ನ ತಿಂದು ತೋರಿಸುತ್ತೇನೆ ಎಂದು ತಂಗಿಯ ಹತ್ತಿರ ಹೇಳಿದ್ದಳಂತೆ. ಜನ ಅವಳನ್ನು ಕರೆಯುತ್ತಿದ್ದದ್ದು ಅದೇ ಹಾಸ್ಯದಿಂದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಹಾಸ್ಯ ಮರೆತುಹೋಗಿ ಹೆಸರು ಉಳಿಯಿತು.

*

ಸೊಸೆ ಕ್ರೀಡಾಂಗಣ ತಲುಪಿದಾಗ ಆರು ಗಂಟೆ ಹದಿನೈದು ನಿಮಿಷ. ಗಂಡಸರ ಓಟ ಆರೂವರೆಗೆ, ವಾದ್ಯ ಬಾರಿಸಿಕೊಂಡು ಹೊರಡುವುದಿತ್ತು; ಹೆಂಗಸರದು ಏಳಕ್ಕೆ. ಶಾಮಿಯಾನದ ಕೆಳಗೆ ಒಂಬತ್ತು ಹೆಂಗಸರು ಗುಂಪಾಗಿ ನಿಂತಿದ್ದರು. ಇಬ್ಬರು ಅಳುತ್ತಿದ್ದರು. ಅವರ ಮುಂದೆ ಕ್ಲಬ್ಬಿನ ಕಾರ್ಯದರ್ಶಿ ಕೈಕಟ್ಟಿಕೊಂಡು ಸಮಾಧಾನ ಹೇಳುತ್ತಿದ್ದರು. ಹಬ್ಬದ ದಿನ ತೊಡುವಂಥ ಬೂಟು, ಪ್ಯಾಂಟು ಹಾಕಿದ್ದರೂ ಅವರ ಷರಟು ಮಾತ್ರ ಮುದುಡಿಕೊಂಡಿತ್ತು.

ಒಂಬತ್ತೇ ಜನ ಉಳಿದರಲ್ಲ, ದುಃಖದ ಹೊತ್ತು ಬೇರೆ, ಈ ಸಲ ಎಲ್ಲರೂ ಮೂರು ಕಿಲೋಮೀಟರೇ ಓಡಿಬಿಡಿ, ಮಿಕ್ಕದ್ದು ಆಮೇಲೆ ನೋಡೋಣ ಎಂದು ಅವರು ಹೇಳುತ್ತಿದ್ದಾಗ ಸೊಸೆ ಮುಂದೆ ಬಂದು ತನ್ನ ಚೀಟಿ ತೋರಿಸಿದಳು. ಹತ್ತನೆಯವಳು ತಾನು ಎಂದಳು.

ಹಾಗೆ ಹೆಸರು ಬದಲಾಯಿಸಲು ಬರುವುದಿಲ್ಲ ಎಂದರು ಕಾರ್ಯದರ್ಶಿ. ಗುಂಪಿನಲ್ಲಿ ಎಲ್ಲರಿಗಿಂತ ಎತ್ತರವಿದ್ದ, ಶಾಲೆಯ ಪಿ.ಟಿ. ಟೀಚರ್ ತನ್ನ ಅರ್ಜಿಯ ನಕಲು ಬಿಡಿಸಿ ಅವರ ಕಣ್ಣೆದುರು ಹಿಡಿದಳು. ಹೆಂಗಸರಿಗೆಂದು ಬೇರೆ ಅರ್ಜಿ ಅಚ್ಚು ಹಾಕಿಸಿರಲಿಲ್ಲ. ಗಂಡಸರ ಅರ್ಜಿಯಲ್ಲೇ 'ಪುರುಷ' ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ 'ಮಹಿಳೆ' ಎಂದು ಬರೆದು ಹಂಚಿದ್ದರು. ಗಂಡಸರಿಗಿದ್ದ ನಿಯಮವೆಲ್ಲ ಹಾಗೆಯೇ ಉಳಿದಿತ್ತು. ಆರನೆಯ ಸಾಲು: ಓಟದ ದಿನ ಬೆಳಗ್ಗೆ ಆರೂವರೆಯವರೆಗೆ ಒಬ್ಬರ ಬದಲು ಇನ್ನೊಬ್ಬರು ಸೇರಬಹುದು.

ಕಾರ್ಯದರ್ಶಿ ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ ಅವರು, ಜಗಳವೆಂದರೆ ಆಗದವರು. ಕಾಗದ ಮಡಚಿ ಕೊಡುತ್ತ ದನಿ ತಗ್ಗಿಸಿ ಹೇಳಿದರು: "ನೋಡಮ್ಮ, ನಿಮ್ಮ ಒಳ್ಳೇದಕ್ಕೇ ಹೇಳೋದು. ಈ ವಯಸ್ಸಲ್ಲಿ ಓಟ ಓಟ ಅಂತ ಆಡಿ ಅವರ ಎದೆ ಏನಾಯ್ತು ನೋಡಿದ್ರಲ್ಲ."

ಸೊಸೆ ಒಂದು ಕ್ಷಣ ಅವರ ಕಾಲರನ್ನೇ ನೋಡಿದಳು.

"ಅತ್ತೆ ಓಡ್ತಾ ಸಾಯಲಿಲ್ಲ ಸಾರ್," ಎಂದಳು. "ನಿಮ್ಮ ಷರಟಿಗೆ ಇಸ್ತ್ರಿ ಹಾಕ್ತಾ ಸತ್ರು. ಇವತ್ತಿಗೆ ಬೇಕು ಅಂತ ಕಳಿಸಿದ್ರಲ್ಲ, ಆ ಬಿಳೀದು. ಮನೇಲೇ ಇದೆ. ಒಂದು ತೋಳು ಬಾಕಿ."

ಕಾರ್ಯದರ್ಶಿ ಜೇಬಿನಿಂದ ಪೆನ್ನು ತೆಗೆದರು. ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಇನ್ನೊಂದು ಬರೆದರು. ಗಡಿಯಾರದಲ್ಲಿ ಆರು ಇಪ್ಪತ್ತೇಳು.

*

ಇಸ್ತ್ರಿ ಪೆಟ್ಟಿಗೆ ಗೆದ್ದ ಮರುವರ್ಷ ಅವಳು ಹೆಂಗಸರ ಓಟಕ್ಕೆ ಹೋಗಲಿಲ್ಲ. ಗಂಡಸರ ಓಟ ಶುರುವಾಗುವ ಕಡೆ ಗೋಡೆಯ ಮರೆಯಲ್ಲಿ ನಿಂತಿದ್ದು, ನೂರ ಹನ್ನೆರಡು ಜನರೂ ಹೊರಟ ಮೇಲೆ ಅವರ ಹಿಂದೆ ಬಿದ್ದಳು. ನಂಬರಿಲ್ಲ. ಅಣ್ಣನ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದುಕೊಂಡಿದ್ದಳು. ಐದನೆಯ ಕಿಲೋಮೀಟರಿನಿಂದ ಒಬ್ಬೊಬ್ಬರನ್ನೇ ದಾಟತೊಡಗಿದಳು. ದಾಟಿಸಿಕೊಂಡವರಲ್ಲಿ ಕೆಲವರು ನಕ್ಕರು, ಕೆಲವರು ಬೈದರು. ಒಬ್ಬ, ಬಸ್ ಡಿಪೋದ ಮೆಕ್ಯಾನಿಕ್, ಕೊನೆಯ ನಾಲ್ಕು ಕಿಲೋಮೀಟರ್ ಹಲ್ಲು ಕಚ್ಚಿಕೊಂಡು ಅವಳ ಬೆನ್ನು ಹಿಡಿಯಲು ನೋಡಿದ. ಆಗಲಿಲ್ಲ.

ಅವಳು ಗುರಿ ಮುಟ್ಟಿದಾಗ ಬರೆಯುತ್ತಿದ್ದವನು ಪೆನ್ನು ಎತ್ತಿ ಹಿಡಿದು ಬೇರೆ ಕಡೆ ನೋಡಿದ. ಅವಳ ಹಿಂದೆ ಬಂದ ಮೆಕ್ಯಾನಿಕ್‌ನ ಹೆಸರು ಬರೆದ. ಮರುದಿನ ಹಲಗೆಯ ಮೇಲೆ ಹಚ್ಚಿದ ಪಟ್ಟಿಯಲ್ಲಿ ಮೆಕ್ಯಾನಿಕ್ ನಲವತ್ಮೂರನೆಯವನಾಗಿದ್ದ.

ಅವನು ನೇರ ಕ್ಲಬ್ಬಿನ ಕಚೇರಿಗೆ ಹೋದ. ಲೆಕ್ಕ ತಪ್ಪಾಗಿದೆ ಎಂದ. ತನ್ನ ಮುಂದೆ ನಲವತ್ತೆರಡು ಜನ ಗಂಡಸರು, ಒಬ್ಬಳು ಹೆಂಗಸು ಇದ್ದರು, ತಾನು ನಲವತ್ನಾಲ್ಕನೆಯವನು, ತಿದ್ದಿ ಎಂದ. ಕಚೇರಿಯವರಿಗೆ ಇವನಿಗೆ ತಲೆ ಕೆಟ್ಟಿದೆಯೇ ಎನಿಸಿತು. ತನ್ನ ಸ್ಥಾನವನ್ನು ತಾನೇ ಇಳಿಸಿಕೊಳ್ಳಲು ಬಂದವನನ್ನು ಅವರು ಅದುವರೆಗೆ ಕಂಡಿರಲಿಲ್ಲ. ತಿದ್ದುವುದಿಲ್ಲ ಎಂದಾಗ ಮೆಕ್ಯಾನಿಕ್ ಪ್ರಮಾಣಪತ್ರವನ್ನು ಅವರ ಮೇಜಿನ ಮೇಲೇ ಬಿಟ್ಟು, ಎಣ್ಣೆ ಮೆತ್ತಿದ ಎರಡು ಅಂಗಿ ಸುತ್ತಿಕೊಂಡು ಬೀದಿಯ ಮೂಲೆಯ ಇಸ್ತ್ರಿ ಮೇಜಿಗೆ ಹೋದ.

"ನೆನ್ನೆ ನಿಮ್ಮ ಬೆನ್ನು ಮಾತ್ರ ನೋಡಿದ್ದೆ," ಎಂದನಂತೆ. "ಮುಖ ನೋಡೋಣ ಅಂತ ಬಂದೆ."

"ಅಂಗಿ ಒಗೆದು ತನ್ನಿ," ಎಂದಳಂತೆ ಅವಳು. ಒಂಬತ್ತು ತಿಂಗಳಿಗೆ ಮದುವೆಯಾಯಿತು.

ಅತ್ತ ಕ್ಲಬ್ಬಿನ ಸಮಿತಿಯಲ್ಲಿದ್ದ ಡಾಕ್ಟರೊಬ್ಬರು ದೂರದ ಓಟ ಹೆಂಗಸರ ದೇಹಕ್ಕೆ ತಡೆಯದು, ಗರ್ಭಕ್ಕೆ ಕೆಡುಕು ಎಂದು ಬರೆದುಕೊಟ್ಟರು. ಆ ವರ್ಷದಿಂದ ಅರ್ಜಿಯಲ್ಲಿ 'ಪುರುಷರಿಗೆ ಮಾತ್ರ' ಎಂದು ಅಚ್ಚಾಯಿತು. ಡಾಕ್ಟರ ಬಿಳಿ ಕೋಟು ವಾರಕ್ಕೆರಡು ಸಲ ಅವಳ ಮೇಜಿಗೇ ಬರುತ್ತಿತ್ತು. ಮಗ ಹುಟ್ಟಿದ ವಾರ ಅವಳು ಕೋಟನ್ನು ಚೆನ್ನಾಗಿ ಮಡಚಿ ಜೇಬಿನಲ್ಲಿ ಒಂದು ಚೀಟಿ ಇಟ್ಟಳು: ಮಗು ಮೂರೂಕಾಲು ಕಿಲೋ, ಇಬ್ಬರೂ ಕ್ಷೇಮ, ಓಡಲು ಅಪ್ಪಣೆ ಕೊಡಿಸಬೇಕು.

ಹಾಗೆ ಶುರುವಾಯಿತು. ಪ್ರತಿ ವರ್ಷ ಓಟದ ತಿಂಗಳು ಬಂತೆಂದರೆ ಸಮಿತಿಯವರ ಷರಟು, ಕೋಟುಗಳೆಲ್ಲ ಗರಿಗರಿಯಾಗಿ ಮನೆ ಸೇರುತ್ತಿದ್ದವು, ಒಂದೊಂದರ ಜೇಬಿನಲ್ಲೂ ಒಂದು ಅರ್ಜಿ ಇಟ್ಟುಕೊಂಡು. ಕೆಲವರು ಅದನ್ನು ಹರಿದುಹಾಕಿದರು. ಕೆಲವರು ಇಸ್ತ್ರಿಗೆ ಬೇರೆ ಕಡೆ ಕೊಟ್ಟು ನೋಡಿ, ಕಾಲರ್ ಸುಟ್ಟುಕೊಂಡು ಹಿಂದೆ ಬಂದರು. ಸಮಿತಿಗಳು ಬದಲಾದವು, ಡಾಕ್ಟರು ತೀರಿಕೊಂಡರು, ಅರ್ಜಿ ನಿಲ್ಲಲಿಲ್ಲ. ಮೂವತ್ತೇಳು ವರ್ಷ.

*

ಏಳಕ್ಕೆ ಒಂದು ಸೀಟಿ ಊದಿದರು, ಹತ್ತು ಜನ ಹೊರಟರು. ವಾದ್ಯದವರು ಅಷ್ಟರಲ್ಲಿ ತಿಂಡಿಗೆ ಹೋಗಿದ್ದರು.

ಸೊಸೆ ಎರಡು ಕಿಲೋಮೀಟರ್ ಗುಂಪಿನ ಜೊತೆ ಓಡಿದಳು. ಮೂರನೆಯದರಲ್ಲಿ ಪಕ್ಕೆ ಹಿಡಿದುಕೊಂಡಿತು. ಪಿ.ಟಿ. ಟೀಚರ್ ಹಿಂದಿರುಗಿ ನೋಡಿದಾಗ, ನೀವು ಹೋಗಿ, ನನಗಾಗಿ ಯಾರೂ ನಿಲ್ಲಬೇಡಿ ಎಂದು ಕೈ ಬೀಸಿದಳು. ಒಂಬತ್ತು ಬೆನ್ನುಗಳು ತಿರುವಿನಲ್ಲಿ ಮರೆಯಾದವು. ಅವಳ ಹಿಂದೆ ಹತ್ತು ಅಡಿ ದೂರದಲ್ಲಿ ಕ್ಲಬ್ಬಿನ ಟೆಂಪೋ ಗುರುಗುಟ್ಟುತ್ತ ಬಂತು. ಓಡಲಾಗದವರನ್ನು ಹತ್ತಿಸಿಕೊಳ್ಳುವ ಗಾಡಿ ಅದು. ಚಾಲಕ ಕಿಟಕಿಯಿಂದ ತಲೆ ಹಾಕಿ, ಸಂಕೋಚ ಬೇಡ ಮೇಡಂ, ಹತ್ತಿ ಎಂದ. ಅರ್ಧ ಕಿಲೋಮೀಟರಿಗೊಮ್ಮೆ ಅದನ್ನೇ ಹೇಳಿದ.

ಅವಳು ಓಟ ಬಿಟ್ಟು ತನ್ನ ನಡಿಗೆಗೆ ಇಳಿದಳು. ಮೀಟರ್ ಓದುವವರ ನಡಿಗೆ: ಬಗ್ಗುವುದು, ಏಳುವುದು, ಮುಂದಿನ ಗೇಟು. ಬಗ್ಗುವುದೂ ಏಳುವುದೂ ಇವತ್ತು ಇಲ್ಲ, ಬರೀ ಮುಂದಿನ ಗೇಟು. ಈ ಬೀದಿಗಳ ಏರಿಳಿತ ಅವಳ ಕಾಲಿಗೆ ಬಾಯಿಪಾಠವಾಗಿತ್ತು. ಇಳಿಜಾರಿನಲ್ಲಿ ಓಡುವುದು, ಸಮದಲ್ಲಿ ಬಿರುಸಾಗಿ ನಡೆಯುವುದು, ಏರಿನಲ್ಲಿ ಉಸಿರು ಉಳಿಸಿಕೊಳ್ಳುವುದು. ಏಳನೆಯ ಕಿಲೋಮೀಟರಿನ ಹೊತ್ತಿಗೆ ಪಕ್ಕೆ ಬಿಟ್ಟುಕೊಟ್ಟಿತು. ಗಡಿಯಾರ ಎಂಟು ಹದಿನೆಂಟು ತೋರಿಸುತ್ತಿತ್ತು.

ಜನ ಅವಳನ್ನು ಗುರುತು ಹಿಡಿದರು. ಗಂಡಸರ ಓಟ ನೋಡಿ ಒಳಗೆ ಹೋಗುತ್ತಿದ್ದವರು ಗೇಟಿಗೆ ಮರಳಿ ಬಂದರು. ಅಯ್ಯೋ ಮೀಟರಮ್ಮ ಅಲ್ಲವೇ, ಬಾಕಿ ಇಟ್ಟವರನ್ನು ಅಟ್ಟಿಸಿಕೊಂಡು ಹೊರಟಿದ್ದಾಳೆ ಎಂದು ಒಬ್ಬರು ನಗೆ ಎಬ್ಬಿಸಿದರು. ಇಸ್ತ್ರಿ ಅಕ್ಕನ ಸೊಸೆ, ಅಕ್ಕ ನಿನ್ನೆ ಹೋಗಿಬಿಟ್ಟಳಂತೆ, ಅವಳ ಜಾಗಕ್ಕೆ ಇವಳು ಎಂದು ಇನ್ನೊಬ್ಬರು ಹೇಳಿದ್ದೇ, ಆ ಸುದ್ದಿ ಬೀದಿಯಲ್ಲಿ ಅವಳಿಗಿಂತ ಜೋರಾಗಿ ಓಡಿತು. ಮುಂದಿನ ತಿರುವಿನಲ್ಲಿ ಜನ ಅವಳಿಗಾಗಿಯೇ ಕಾದು ನಿಂತಿದ್ದರು. ವರ್ಷವೆಲ್ಲ ಬಿಲ್ಲಿನ ವಿಷಯಕ್ಕೆ ಅವಳ ಜೊತೆ ಜಗಳವಾಡುವ ಮುದುಕಿಯೊಬ್ಬಳು ರಸ್ತೆಗಿಳಿದು ತಂಬಿಗೆ ನೀರು ಚಾಚಿದಳು.

"ಯಾವಾಗ್ಲೂ ನನ್ನ ನೀರು ಅಳೀತೀಯ," ಎಂದಳು. "ಇವತ್ತು ಅಳೀದೇ ಕುಡಿ."

ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡು ಸೊಸೆ ಓಡಿದಳು. ಅವಳಿಗೇ ಆಶ್ಚರ್ಯವಾಗುವಂತೆ ಕಾಲು ಹಗುರವಾಗಿತ್ತು. ಮನೆಯಲ್ಲಿ ಹೆಣವಿಟ್ಟು ಬಂದವಳಿಗೆ ಹೀಗೆ ಅನಿಸಬಹುದೇ ಎಂದು ನಾಚಿಕೆಯೂ ಆಯಿತು. ನಾಚಿಕೆಗೆ ನಿಲ್ಲಲು ಪುರುಸೊತ್ತಿರಲಿಲ್ಲ.

*

ಹದಿನೈದು ದಿನದ ಹಿಂದೆ ಅತ್ತೆ ಕೇಳಿದ್ದಳು. ಸೊಸೆ ಆಗಷ್ಟೇ ಕೆಲಸದಿಂದ ಬಂದು ಬಿಸಿನೀರಿನಲ್ಲಿ ಪಾದ ಇಟ್ಟುಕೊಂಡು ಕೂತಿದ್ದಳು. ಒಬ್ಬಳು ಕಡಿಮೆ ಬಿದ್ದಿದ್ದಾಳೆ, ನೀನು ಬಾ, ನಿನ್ನ ಕಾಲಿಗೆ ಇದೇನು ದೊಡ್ಡದಲ್ಲ ಎಂದು ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ, ಆಮೇಲೆ ನಾಯಿ ಬೊಗಳುವ ಮುನ್ನೂರು ಗೇಟು, ಸಂಜೆ ಮತ್ತೆ ಅಡುಗೆ. ಸೊಸೆಗೆ ರೇಗಿಹೋಯಿತು.

"ನಿಮ್ಮ ಹುಚ್ಚಿಗೆ ನನ್ನ ಕಾಲು ಕೊಡೋಕಾಗಲ್ಲ ಅತ್ತೆ," ಎಂದಳು.

ಅತ್ತೆ ಕೋಪಿಸಿಕೊಳ್ಳಲಿಲ್ಲ. ಸೊಸೆಯ ಹಿಮ್ಮಡಿಯನ್ನು ನೀರಿನಿಂದ ಎತ್ತಿ, ತನ್ನ ಮಡಿಲಿಗೆ ಇಟ್ಟುಕೊಂಡು, ಬಿರುಕುಗಳನ್ನು ನೋಡಿದಳು. ಇಸ್ತ್ರಿ ಹಿಡಿದೂ ಹಿಡಿದೂ ಅವಳ ಅಂಗೈ ಯಾವಾಗಲೂ ಬೆಚ್ಚಗೆ ಇರುತ್ತಿತ್ತು.

"ಆಯ್ತು ಬಿಡು," ಎಂದಳು. "ನಾನೇ ಓಡ್ತೀನಿ. ಕೊನೆಯವಳಾಗಿ ಬಂದ್ರೂ ಹತ್ತನೆಯವಳೇ ಅಲ್ವಾ."

ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

*

ಸ್ಮಶಾನ ಇದ್ದದ್ದು ಹನ್ನೊಂದನೆಯ ಕಿಲೋಮೀಟರಿನಲ್ಲಿ. ಸೊಸೆ ದೂರದಿಂದಲೇ ಗೇಟಿನ ಒಳಗಿನ ಗುಂಪನ್ನು ಕಂಡಳು. ಪೆಟ್ಟಿಗೆ ಆಗಲೇ ಗುಂಡಿಗೆ ಇಳಿದಿತ್ತು. ಲೈನ್‌ಮ್ಯಾನ್ ಹಗ್ಗ ಎಳೆದುಕೊಳ್ಳುತ್ತಿದ್ದ. ಒಂಬತ್ತು ಗಂಟೆ ಎಂಟು ನಿಮಿಷ. ಇನ್ನು ಐವತ್ತೆರಡು ನಿಮಿಷದಲ್ಲಿ ಐದು ಕಿಲೋಮೀಟರ್, ಅದರಲ್ಲೂ ನಡುವೆ ನೀರಿನ ಟ್ಯಾಂಕಿನ ಏರು. ಒಳಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರಲು ಎಷ್ಟು ಹೊತ್ತು ಬೇಕು ಎಂದು ಅವಳು ಲೆಕ್ಕ ಹಾಕಲಿಲ್ಲ. ರಸ್ತೆ ಬಿಟ್ಟು ಗೇಟಿನ ಕಡೆ ತಿರುಗಿದಳು.

ಗೇಟಿನಲ್ಲಿ ಚಿಕ್ಕಮ್ಮ ನಿಂತಿದ್ದರು. ಎರಡನೆಯ ಸಲ ಅವರು ಅವಳ ದಾರಿಗೆ ಅಡ್ಡ ಬಂದರು. ಅಳುವುದು ನಿಂತಿತ್ತು, ಮುಖ ಊದಿಕೊಂಡಿತ್ತು. ಮುಂದೆ ಚಾಚಿದ ಅವರ ಬೊಗಸೆಯಲ್ಲಿ ಕೆಂಪು ಮಣ್ಣಿತ್ತು.

"ಒಳಗೆ ಬರಬೇಡ," ಎಂದರು. "ಹೊತ್ತಾಗುತ್ತೆ. ಇದನ್ನ ಮುಟ್ಟು. ನಿನ್ನ ಹೆಸರಲ್ಲಿ ನಾನು ಹಾಕ್ತೀನಿ."

 ಸೊಸೆ ಬಲಗೈಯನ್ನು ಆ ಮಣ್ಣಿನ ಮೇಲೆ ಊರಿದಳು. ತಣ್ಣಗೆ, ಒದ್ದೆಯಾಗಿ ಇತ್ತು. ಬೆರಳ ಗುರುತು ಮೂಡಿತು.

"ಒಂಬತ್ತು ಜನಾನೂ ಆಗ್ಲೇ ದಾಟಿ ಹೋದ್ರಂತೆ, ಗೇಟು ಕಾಯೋನು ಹೇಳ್ದ," ಎಂದರು ಚಿಕ್ಕಮ್ಮ. "ಒಬ್ಬೊಬ್ಬರೂ ನಿಂತು ತಲೆ ಬಾಗಿಸಿ ಹೋದ್ರಂತೆ. ನೀನು ನಿಲ್ಲಬೇಡ. ಓಡು. ಓಡು ನನ್ನವ್ವ."

ಬೊಗಸೆ ಮುಚ್ಚಿ ಹಿಡಿದುಕೊಂಡು ಚಿಕ್ಕಮ್ಮ ಒಳಗೆ ನಡೆದರು. ಸೊಸೆ ಓಡಿದಳು. ಅಳು ಬಂದದ್ದು ಆಗ. ಅಳುತ್ತ ಓಡಿದರೆ ಉಸಿರು ಸಾಲುವುದಿಲ್ಲವೆಂದು ಗೊತ್ತಾಗಿ, ಟ್ಯಾಂಕಿನ ಏರು ಬರುವಷ್ಟರಲ್ಲಿ ಅಳು ಮುಗಿಸಿದಳು.

ಏರಿನಲ್ಲಿ ಅವಳ ತೊಡೆಗಳು ನಡುಗಿದವು. ಹಿಂದೆ ಟೆಂಪೋ ಗೇರು ಬದಲಿಸಿತು. ಚಾಲಕ ಈ ಸಲ ಹತ್ತಿ ಎನ್ನಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಮೇಡಂ ಒಂಬತ್ತು ಮೂವತ್ತೊಂದು ಆಯಿತು, ಏರು ಮುಗಿದರೆ ಉಳಿದದ್ದೆಲ್ಲ ಇಳಿಜಾರು ಎಂದ. ಅವಳಿಗೆ ಅದು ಗೊತ್ತಿತ್ತು. ಬೇರೊಬ್ಬರ ಬಾಯಿಂದ ಕೇಳಿದ್ದು ಹಿತವಾಯಿತು.

ಏರಿನ ನೆತ್ತಿಯಲ್ಲಿ ಒಬ್ಬ ಗಂಡಸು ಕಂಡ. ನಂಬರ್ ಹಾಕಿಕೊಂಡ, ಹೊಟ್ಟೆಯಿದ್ದ, ಐವತ್ತರ ಮನುಷ್ಯ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಆರಾಮವಾಗಿ ಮರ ನೋಡುತ್ತ ನಡೆಯುತ್ತಿದ್ದ. ಇವರಿಗಿಂತ ಅರ್ಧ ಗಂಟೆ ಮೊದಲೇ ಹೊರಟಿದ್ದ ಗಂಡಸರ ಓಟದಲ್ಲಿ ಕೊನೆಯವನು. ಗಂಡಸರಿಗೆ ಸಮಯದ ಮಿತಿ ಇರಲಿಲ್ಲ. ಅವಳು ದಾಟುವಾಗ ಅವನು, ಏನಮ್ಮ ಇಷ್ಟು ಅವಸರ ಎಂದು ವಿಚಾರಿಸಿದ. ಹತ್ತು ಗಂಟೆಗೆ ಬಾಗಿಲು ಹಾಕುತ್ತಾರೆ ಎಂದು ಹೇಳಿ ಅವಳು ಇಳಿಜಾರಿಗೆ ಬಿದ್ದಳು. ಯಾರ ಬಾಗಿಲು ಎಂದು ಅವನು ಹಿಂದಿನಿಂದ ಕೇಳಿದ್ದು ಗಾಳಿಗೆ ಹೋಯಿತು.

*

ಕ್ರೀಡಾಂಗಣದಲ್ಲಿ ಗಂಡಸರ ಬಹುಮಾನ ಹಂಚಿ ಮುಗಿದಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಒಂಬತ್ತು ಹೆಂಗಸರು ಮಾತ್ರ ಬೂಟು ಕೂಡ ಬಿಚ್ಚದೆ ಗುರಿಯ ಗೆರೆಯ ಹತ್ತಿರ ಸಾಲಾಗಿ ನಿಂತಿದ್ದರು. ಪಿ.ಟಿ. ಟೀಚರ್ ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಬಂದಿದ್ದಳು. ಉಳಿದ ಎಂಟು ಜನ ಒಂಬತ್ತೂವರೆಯೊಳಗೆ ಮುಗಿಸಿದ್ದರು. ಅದನ್ನೆಲ್ಲ ಈ ಸಲ ಬರೆದುಕೊಂಡಿದ್ದರು.

ಒಂಬತ್ತು ಐವತ್ತಕ್ಕೆ ಸ್ಮಶಾನದಿಂದ ಗಂಡಸರು ಬಂದರು. ಮಾವ, ಲೈನ್‌ಮ್ಯಾನ್, ಪೆಟ್ಟಿಗೆ ಹೊತ್ತಿದ್ದ ನಾಲ್ಕು ಜನ ನೆರೆಯವರು. ಅಡ್ಡದಾರಿಯಲ್ಲಿ ಬಿರುಸಾಗಿ ನಡೆದು ಬಂದು ಏದುಸಿರು ಬಿಡುತ್ತಿದ್ದರು. ಅವರ ಕಣ್ಣೆದುರಿಗೇ ಗುರಿಯ ಗೆರೆಯ ಮೇಲಿದ್ದ, ಗಾಳಿ ತುಂಬಿದ ದೊಡ್ಡ ಬಟ್ಟೆಯ ಕಮಾನು ನಡು ಮುರಿದವನಂತೆ ಬಾಗಿತು. ಕಮಾನನ್ನು ಬಾಡಿಗೆಗೆ ಕೊಟ್ಟವರು ಗಾಳಿಯ ಯಂತ್ರ ಕಳಚಿ ವ್ಯಾನಿಗೆ ಹಾಕಿಯಾಗಿತ್ತು. ಮಧ್ಯಾಹ್ನ ಅವರಿಗೆ ಬೇರೆ ಊರಿನಲ್ಲಿ ಕೆಲಸವಿತ್ತು. ಓಟ ಮುಗಿಯಿತೆಂದು ಯಾರೋ ಹೇಳಿದರಂತೆ.

ಮುಗಿದಿಲ್ಲ ಎಂದು ಪಿ.ಟಿ. ಟೀಚರ್ ಜಗಳ ತೆಗೆದಳು. ಕಾರ್ಯದರ್ಶಿ ಓಡಿ ಬಂದು ನಿಯಮ ನೋಡಿದರು. ಕಮಾನಿನ ಕೆಳಗೆ ಹಾದರೆ ಮಾತ್ರ ಓಟ ಮುಗಿಸಿದಂತೆ ಎಂದು ಅದರಲ್ಲಿ ಇತ್ತು. ಅವರು ತಲೆ ಕೆರೆದುಕೊಂಡರು. ಕಮಾನು ಮೆಲ್ಲಗೆ ನಿಟ್ಟುಸಿರು ಬಿಡುತ್ತ ಇನ್ನೂ ಒಂದು ಅಡಿ ಇಳಿಯಿತು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಕೂಗು ಎದ್ದಿತು. ಬೀದಿಗಳ ಜನ ಅವಳ ಹಿಂದೆ ಮುಂದೆ ಬರುತ್ತಿದ್ದರು. ಅವರ ನಡುವೆ ಸೊಸೆ, ಬಾಯಿ ತೆರೆದುಕೊಂಡು, ಒಂದು ಕಾಲು ಎಳೆಯುತ್ತ, ಆದರೂ ಓಡುತ್ತ, ಗೇಟಿನೊಳಗೆ ಬಂದಳು. ಕಾರ್ಯದರ್ಶಿ ಗಡಿಯಾರ ನೋಡಿ, ಒಂಬತ್ತು ಐವತ್ತೇಳು ಎಂದರು. 

ಲೈನ್‌ಮ್ಯಾನ್ ಯಾರನ್ನೂ ಕೇಳಲಿಲ್ಲ. ಜೋತುಬಿದ್ದ ಬಟ್ಟೆಯ ಕೆಳಗೆ ನುಗ್ಗಿ, ಎರಡು ಕೈ ಮೇಲೆತ್ತಿ ನಿಂತ. ನೆರೆಯವರು ನಾಲ್ಕು ಜನ ಆಚೆ ಈಚೆ ಹೆಗಲು ಕೊಟ್ಟರು. ಮಾವ ಕಮಾನಿನ ಒಂದು ಕಾಲನ್ನು ಅಪ್ಪಿ ಹಿಡಿದು, ಡಿಪೋದಲ್ಲಿ ಬಸ್ಸಿಗೆ ಜಾಕ್ ಹಾಕಿಸುವಾಗಿನ ದನಿಯಲ್ಲಿ, "ಎತ್ತಿ," ಎಂದರು. ಹನ್ನೆರಡು ಕೈ. ಬೆರಳ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಕಮಾನು ಒಂದು ಕಡೆ ವಾಲಿಕೊಂಡು, ಸುಕ್ಕುಸುಕ್ಕಾಗಿ, ಮೇಲೆದ್ದಿತು.

ಒಂಬತ್ತು ಗಂಟೆ ಐವತ್ತೆಂಟು ನಿಮಿಷಕ್ಕೆ ಸೊಸೆ ತಲೆ ಬಗ್ಗಿಸದೆ ಅದರ ಕೆಳಗೆ ಹಾದಳು. ಒಂಬತ್ತು ಜನರೂ ಒಟ್ಟಿಗೆ ಅವಳ ಮೇಲೆ ಬಿದ್ದರು. ಕಾರ್ಯದರ್ಶಿ ಪಟ್ಟಿಯಲ್ಲಿ ಬರೆದು, ಬರೆದದ್ದನ್ನು ಇನ್ನೊಮ್ಮೆ ಓದಿದರು. ನೆರೆಯವನೊಬ್ಬ ತೋಳು ಸೋತು ಇಳಿಸಲು ಹೋದಾಗ ಮಾವ ಬೇಡವೆಂದು ತಲೆಯಾಡಿಸಿ, ಗೇಟಿನ ಕಡೆ ಗಲ್ಲ ತೋರಿಸಿದರು. ಅದರಾಚೆ ದೂರದ ಇಳಿಜಾರಿನಲ್ಲಿ ಹೊಟ್ಟೆಯ ಆ ಮನುಷ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಡೆದು ಬರುತ್ತಿದ್ದ. ಆರು ಜನರೂ ಕಮಾನನ್ನು ಹಾಗೇ ಎತ್ತಿ ಹಿಡಿದುಕೊಂಡು ಅವನಿಗಾಗಿ ಕಾದು ನಿಂತರು.